ಮರೀನಾದಲ್ಲಿ ದೋಣಿ ಕಟ್ಟೋಕೆ ಜಾಗ ಇಲ್ಲ

ಚೆನ್ನೈಗೆ ಬಂದು ಮೂವತ್ತೊಂದು ವರ್ಷವಾಯಿತು. ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಅಲ್ಲಿ ಸೂರ್ಯ ಕಡಲಲ್ಲಿ ಮುಳುಗುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಬಂದ ಹೊಸತರಲ್ಲಿ ಅಷ್ಟೇ ವ್ಯತ್ಯಾಸ ಅಂದುಕೊಂಡಿದ್ದೆ. ಆಮೇಲೆ ನನ್ನ ಮತ್ತು ಕಡಲಿನ ಸಂಬಂಧ ಬೆಸೆಂಟ್ ನಗರದ ಮರಳಲ್ಲಿ ಕೂತು ಸುಂಡಲ್ ತಿನ್ನುವಷ್ಟಕ್ಕೆ ಬಂದು ನಿಂತಿತು. ಅಜ್ಜ ಮಂಜಿಯಲ್ಲಿ ಹಂಚು ತುಂಬಿ, ಹಾಯಿ ಬಿಚ್ಚಿ ಮುಂಬಯಿ ತನಕ ಹೋಗುತ್ತಿದ್ದವರು. ಮೊಮ್ಮಗ ಮೊಣಕಾಲುದ್ದ ನೀರು ದಾಟಿದವನಲ್ಲ!

ಈ ಜನವರಿಯಲ್ಲಿ ಗೆಳೆಯನೊಬ್ಬ ಕರೆದ. ಅವನ ಹತ್ತಿರ 26 ಅಡಿಯ ಹಾಯಿದೋಣಿ ಇದೆ. "ಪುದುಚೇರಿಗೆ ಹೋಗಿ ಬರೋಣ, ಬರ್ತೀಯಾ?" ಅಂದ. ಹೆಂಡತಿ, "ಈಸಿಆರ್ ರಸ್ತೆಯಲ್ಲಿ ಮೂರು ಗಂಟೆಯ ದಾರಿ, ಅದಕ್ಕೆ ರಾತ್ರಿಯಿಡೀ ನೀರಲ್ಲಿ ತೇಲಬೇಕಾ?" ಅಂದಳು. ಅವಳ ಮಾತಲ್ಲೇನೂ ತಪ್ಪಿರಲಿಲ್ಲ. ಆದರೂ ಹೋದೆ.

ನಮ್ಮೂರಿನವರಿಗೆ ಇಲ್ಲಿನ ಪಂಚಾಂಗ ತಲೆಕೆಳಗು. ನಮ್ಮಲ್ಲಿ ಜೂನ್ ಬಂತೆಂದರೆ ಮಂಜಿಯನ್ನು ದಡಕ್ಕೆಳೆದು ಮಡಲು ಹೊದಿಸುತ್ತಿದ್ದರು. ನೂಲು ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೇ ಮತ್ತೆ ನೀರಿಗಿಳಿಯುವುದು. ಇಲ್ಲಿ ಹೆದರಬೇಕಾದ್ದು ಅಕ್ಟೋಬರ್‌ನಿಂದ ಡಿಸೆಂಬರ್ ತನಕ. ಹಿಂಗಾರು, ಚಂಡಮಾರುತ ಎಲ್ಲ ಆಗಲೇ. ಜನವರಿ ಹೊತ್ತಿಗೆ ಮಳೆ ಮುಗಿದಿರುತ್ತದೆ, ಈಶಾನ್ಯದ ಗಾಳಿ ಮಾತ್ರ ಉಳಿದಿರುತ್ತದೆ. ದಕ್ಷಿಣಕ್ಕೆ ಹೋಗುವವನಿಗೆ ಬೆನ್ನ ಹಿಂದಿನ ಗಾಳಿ. ಚೆನ್ನೈ ಬಂದರಿನಿಂದ ಪುದುಚೇರಿಗೆ ಸುಮಾರು 80 ನಾಟಿಕಲ್ ಮೈಲಿ, ಅಂದರೆ 150 ಕಿ.ಮೀ. ಗಂಟೆಗೆ ಐದು ನಾಟಿಕಲ್ ಮೈಲಿ ಸಾಗಿದರೆ ಹದಿನಾರು ಗಂಟೆ.

ಮಧ್ಯಾಹ್ನ ಎರಡಕ್ಕೆ ಹೊರಟೆವು. ಸಂಜೆ ಹೊತ್ತಿಗೆ ನಾನು ಎರಡು ಸಲ ವಾಂತಿ ಮಾಡಿಕೊಂಡಿದ್ದೆ. ಅದಿರಲಿ. ನನ್ನನ್ನು ನಿಜವಾಗಿ ಹೆದರಿಸಿದ್ದು ದಡ. ಕೋವಳಂ, ಮಹಾಬಲಿಪುರಂ, ಸದ್ರಾಸ್ ಎಲ್ಲ ದಾಟಿದರೂ ಒಳಗೆ ನುಗ್ಗಿ ನಿಲ್ಲಬಹುದಾದ ಒಂದು ನೆಲೆಯಿಲ್ಲ. ನಮ್ಮ ಕಡೆಯ ಹಾಗೆ ಹೊಳೆಯ ಬಾಯಿಗೆ ತಿರುಗಿದರೆ ಬಚಾವ್ ಅನ್ನುವ ಹಾಗಿಲ್ಲ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕಡಲು ಸೇರುವುದು ಕಲ್ಪಾಕ್ಕಂನ ದಕ್ಷಿಣಕ್ಕೆ. ಅದರ ಅಳಿವೆಗೂ ಮರಳಿನ ದಿಬ್ಬವೇ ಬಾಗಿಲು.

ಆ ಅಳಿವೆಯ ಆಚೆ, ರಾತ್ರಿ ಹನ್ನೊಂದರ ಸುಮಾರಿಗೆ, ದೋಣಿ ಗಕ್ಕನೆ ನಿಂತಿತು. ಚುಕ್ಕಾಣಿಗೆ ಬಲೆ ಸುತ್ತಿಕೊಂಡಿತ್ತು. ಗೆಳೆಯ ಚಾಕು ತೆಗೆದ. ಅಷ್ಟರಲ್ಲಿ ಕತ್ತಲಿನಿಂದ ಟಾರ್ಚ್ ಬೆಳಕು, ಫೈಬರ್ ದೋಣಿಯಲ್ಲಿ ಇಬ್ಬರು. "ಕತ್ತಿ ವೇಂಡಾಂ ಸಾರ್!" ಅಂತ ಕೂಗಿದ್ದು ಅವರಲ್ಲಿ ಹಿರಿಯರು. ಹಾಯಿ ಇಳಿಸಲು ಹೇಳಿ, ಗಳ ತೂರಿಸಿ, ಮುಕ್ಕಾಲು ಗಂಟೆ ಒದ್ದಾಡಿ ಬಲೆ ಬಿಡಿಸಿದರು. ಆದರೂ ನಾಲ್ಕೈದು ಮಾರು ಹರಿದಿತ್ತು. ಎರಡು ಸಾವಿರ ಕೇಳಿದರು. ನನ್ನ ಗೆಳೆಯ ಚೌಕಾಸಿ ಮಾಡಿ ಒಂದೂವರೆಗೆ ಇಳಿಸಿದ. ನನಗೆ ನಾಚಿಕೆಯಾಯಿತು. ಆದರೆ ನಾನೂ ಬಾಯಿ ಬಿಡಲಿಲ್ಲ.

ಹೊರಡುವ ಮುಂಚೆ ಆ ಹಿರಿಯರು ನಮ್ಮ ಹಾಯಿಯನ್ನು ಟಾರ್ಚ್ ಬಿಟ್ಟು ನೋಡಿದರು. ಅವರಪ್ಪ ಕಟ್ಟುಮರಕ್ಕೆ ಹಾಯಿ ಕಟ್ಟಿ ಇದೇ ಗಾಳಿಯಲ್ಲಿ ಓಡಿಸುತ್ತಿದ್ದರಂತೆ. ಈಗ ಎಲ್ಲ ಡೀಸೆಲ್. ಮಗನಿಗೆ ಹಾಯಿ ಕಟ್ಟುವುದು ಗೊತ್ತಿಲ್ಲವಂತೆ. "ವಾಡೆ ಕಾತ್ತು ಸಾರ್, ವಿಡಿಯಿರ ವರೆಕ್ಕುಂ ನಿಕ್ಕುಂ" ಅಂದರು. ಬಡಗಣ ಗಾಳಿ, ಬೆಳಗಿನ ತನಕ ನಿಲ್ಲುತ್ತದೆ ಅಂತ. ಹಾಗೇ ಆಯಿತು. ಮೊಬೈಲಿನ ಹವಾಮಾನ ಆಪ್ ಎರಡು ಗಂಟೆಗೇ ಗಾಳಿ ಬೀಳುತ್ತದೆ ಅಂದಿತ್ತು.

ಬೆಳಿಗ್ಗೆ ಪುದುಚೇರಿ ಮುಟ್ಟಿದರೆ ಅಲ್ಲೂ ಬಂದರಿನ ಬಾಯಲ್ಲಿ ಮರಳು. ಅಲೆ ಜೋರಿತ್ತು. ಹೊರಗೇ ಲಂಗರು ಹಾಕಿ, ಇನ್ನೊಂದು ಫೈಬರ್ ದೋಣಿಯವರಿಗೆ ಕೈಮುಗಿದು ದಡ ಸೇರಿದೆವು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಹಾಯಿದೋಣಿ ಯಾನ ಬೆಳೆಯಬೇಕು, ಅದಕ್ಕೆ ಅಲ್ಲಲ್ಲಿ ಮರೀನಾ ಕಟ್ಟಬೇಕು ಅನ್ನುವ ಮಾತು ಆಗಾಗ ಕೇಳುತ್ತೇವೆ. ಹೊರಗೆಲ್ಲ ಮರೀನಾ ಅಂದರೆ ದೋಣಿ ಕಟ್ಟುವ ಜಾಗ. ನಮ್ಮ ಚೆನ್ನೈನಲ್ಲಿ ಮರೀನಾ ಅಂದರೆ ದೋಣಿ ಕಟ್ಟೋಕೆ ಜಾಗವೇ ಇಲ್ಲದ ಮರಳು! ಆ ಮರಳು ಬಂದದ್ದಾದರೂ ಹೇಗೆ? ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದರಿಗಾಗಿ ಕಡಲೊಳಗೆ ಗೋಡೆ ಚಾಚಿದರು. 1881ರ ಚಂಡಮಾರುತ ಅದನ್ನು ಮುರಿಯಿತು, ಮತ್ತೆ ಕಟ್ಟಿದರು. ಈ ತೀರದಲ್ಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ಉತ್ತರಕ್ಕೆ ಸರಿಯುತ್ತದೆ. ಗೋಡೆ ತಡೆದದ್ದರಿಂದ ದಕ್ಷಿಣದಲ್ಲಿ ಮರೀನಾ ಅಗಲವಾಯಿತು, ಉತ್ತರದಲ್ಲಿ ರಾಯಪುರಂ ಕಡೆಯ ದಡ ಸವೆಯಿತು. 1980ರ ದಶಕದ ಕೊನೆಯಲ್ಲಿ ಪುದುಚೇರಿಯಲ್ಲಿ ಗೋಡೆ ಕಟ್ಟಿದಾಗಲೂ ಇದೇ ಕತೆ. ಪಟ್ಟಣದ ಮುಂದಿನ ಮರಳ ದಂಡೆ ಕರಗಿ ಬಂಡೆಗಲ್ಲು ಸುರಿಯಬೇಕಾಯಿತು.

ಹಾಗಾಗಿ ನನ್ನ ಮಾತಿಷ್ಟು. ಹತ್ತಿಪ್ಪತ್ತು ಮಂದಿಯ ಹವ್ಯಾಸಕ್ಕೆ ಹೊಸ ಗೋಡೆ ಬೇಡ. ಅದರ ಬೆಲೆ ತೆರುವವರು ಪಕ್ಕದ ಕುಪ್ಪದ ಮೀನುಗಾರರು. ಕಾಸಿಮೇಡು, ಕಡಲೂರು, ನಾಗಪಟ್ಟಿಣಂನಂಥ ಈಗಿರುವ ಮೀನುಗಾರಿಕೆ ಬಂದರುಗಳಲ್ಲೇ ಸಣ್ಣ ದೋಣಿಗೆ ಒಂದೆರಡು ಜಾಗ ಮೀಸಲಿಡಲಿ. ಅದರ ಬಾಡಿಗೆ ಮೀನುಗಾರರ ಸಂಘಕ್ಕೆ ಹೋಗಲಿ. ಎಲ್ಲಿ ಬಲೆ ಬಿಟ್ಟಿದ್ದಾರೆ ಅಂತ ಅವರನ್ನು ಕೇಳಿಯೇ ಹೊರಡುವ ಪದ್ಧತಿ ಬರಲಿ. ಬಲೆ ಹರಿದರೆ ಚೌಕಾಸಿಯಿಲ್ಲದೆ ಕೊಡುವ ದರ ನಿಗದಿಯಾಗಲಿ. 2008ರಲ್ಲಿ ಮುಂಬಯಿಗೆ ಬಂದ ಹಂತಕರು ಕಡಲ ದಾರಿಯಲ್ಲೇ ಬಂದದ್ದು, ಆದ್ದರಿಂದ ತಪಾಸಣೆ ಬೇಡ ಅನ್ನುವುದಿಲ್ಲ. ಅದು ಒಂದೇ ಕಿಟಕಿಯಲ್ಲಿ ಮುಗಿದರೆ ಸಾಕು.

ಇನ್ನೊಂದು. 2004ರ ಸುನಾಮಿಯ ನಂತರ ಪರಿಹಾರವಾಗಿ ಫೈಬರ್ ದೋಣಿಗಳು ಬಂದವು. ಕಟ್ಟುಮರ ಮೊದಲೇ ಕಡಿಮೆಯಾಗುತ್ತಿತ್ತು, ಆಮೇಲೆ ಇನ್ನೂ ಬೇಗ ಮರೆಯಾಯಿತು. ಯಾರನ್ನೂ ದೂರುತ್ತಿಲ್ಲ, ಹೊಟ್ಟೆಪಾಡಿಗೆ ಎಂಜಿನ್ ಬೇಕು. ಕಟ್ಟು, ಮರ: ನಮಗೆ ಅನುವಾದವೇ ಬೇಡದ ಶಬ್ದ. ಅದು ಇಂಗ್ಲಿಷಿಗೆ ಹೋಗಿ ಕ್ಯಾಟಮರಾನ್ ಆಗಿ ಜಗತ್ತಿನಲ್ಲೆಲ್ಲ ಓಡುತ್ತಿದೆ, ಹುಟ್ಟಿದ ದಡದಲ್ಲಿ ಕಾಣಸಿಗುವುದು ಅಪರೂಪ. ಹಾಯಿ ಕಲಿಸುವ ಕ್ಲಬ್ಬುಗಳು ಚೆನ್ನೈನಲ್ಲಿವೆ. ರಾಯಲ್ ಮದ್ರಾಸ್ ಯಾಚ್ ಕ್ಲಬ್ 1911ರದ್ದು. ಇಲ್ಲಿನ ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಹೋಗಿಬಂದಿದ್ದಾರೆ. ಆ ಹಿರಿಯರಂಥವರನ್ನು ಸಂಬಳ ಕೊಟ್ಟು ಗುರುಗಳಾಗಿ ಕೂರಿಸಿದರೆ ಗಾಳಿಯ ವಿದ್ಯೆ ಇನ್ನೊಂದು ತಲೆಮಾರಿಗಾದರೂ ಉಳಿದೀತು. ಗಂಗೊಳ್ಳಿ, ಮಲ್ಪೆಗೂ ಇದೇ ಮಾತು ಅನ್ವಯಿಸುತ್ತದೆ.

ಕಡಲು ಎಲ್ಲರದ್ದು ಅಂದುಕೊಂಡು ಹೊರಟವನು ನಾನು. ಇನ್ನೊಬ್ಬರ ಗದ್ದೆಯಲ್ಲಿ ಕಾಲಿಟ್ಟು ಪೈರು ತುಳಿದವನ ಹಾಗೆ ವಾಪಸ್ ಬಂದೆ. ಬಾಕಿ ಐನೂರು ರೂಪಾಯಿ ಇನ್ನೂ ನನ್ನ ಮನಸ್ಸಿನಲ್ಲಿದೆ. ಅವರ ಹೆಸರು ಕೇಳಿಕೊಳ್ಳಲಿಲ್ಲ ನೋಡಿ. ಬರುವ ಜನವರಿಯಲ್ಲಿ ಪಾಲಾರ್ ಅಳಿವೆಯ ಆಸುಪಾಸಿನ ಕುಪ್ಪಗಳಲ್ಲಿ ಹುಡುಕಿಕೊಂಡು ಹೋಗಬೇಕು ಅಂತಿದ್ದೇನೆ. ಈ ಸಲ ರಸ್ತೆಯಲ್ಲೇ, ಹೆಂಡತಿ ಹೇಳಿದ ಹಾಗೆ.

ನೀವೇನಂತೀರಿ?