ಮಕ್ಕಳು ನಾಲ್ಕು ದಿನ ತಿರುಗಿ ಬರಲಿ

ರೋಬಸ್ಟಾ ಕೊಯ್ಲು ಮುಗಿದು, ಕಾಳುಮೆಣಸು ಒಣಗಿ ಚೀಲ ಸೇರಿದ ಮೇಲೆ, ಅಡಿಕೆಗೆ ಬೋರ್ಡೋ ಹೊಡೆಯುವ ತನಕ ನಮ್ಮ ತೋಟಗಳಲ್ಲಿ ಸ್ವಲ್ಪ ಬಿಡುವು. ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿದ್ದರೆ ಈ ದಿನಗಳಲ್ಲೇ ಒಂದು ಮಾತು ಏಳುತ್ತದೆ: "ಅಪ್ಪಯ್ಯ, ನಾಳೆ ಬೆಳಿಗ್ಗೆ ಸ್ನೇಹಿತರ ಜೊತೆ ಹೊರಡ್ತೀನಿ, ನಾಲ್ಕು ದಿನ ಬಿಟ್ಟು ಬರ್ತೀನಿ." ಎಲ್ಲಿಗೆ ಎಂದು ಕೇಳಿದರೆ ಸರಿಯಾದ ಉತ್ತರವಿಲ್ಲ. ಬೈಕಿನಲ್ಲಿ ಚಾರ್ಮಾಡಿ ಇಳಿದು ಕಡಲ ತೀರ ಎನ್ನುತ್ತಾರೆ, ಇಲ್ಲವೇ ತಾಳಗುಪ್ಪದ ರೈಲು ಹತ್ತಿ ಜೋಗ ಎನ್ನುತ್ತಾರೆ. ಜೇಬಿನಲ್ಲಿರುವ ಹಣವೂ ಅಷ್ಟಕ್ಕಷ್ಟೆ. ಹಿರಿಯರಿಗೆ ಸಿಟ್ಟು ಬರುವುದು ಸಹಜ. ಆದರೂ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸದಸ್ಯ ಬಾಂಧವರ ಮುಂದಿಡಬಯಸುತ್ತೇವೆ: ಹೋಗಲಿ ಬಿಡಿ. ಮತ್ತು ಅವರು ಸ್ವಂತ ದುಡಿಮೆಯ ಹಣದಲ್ಲೇ ಹೋಗುವಂತೆ ಮಾಡಿ.

ಎರಡನೆಯ ಮಾತೇ ಮುಖ್ಯವಾದುದು. ತೋಟದ ಆಳುಗಳಿಗೆ ವಾರಕ್ಕೊಮ್ಮೆ ಬಟವಾಡೆ ಆಗುತ್ತದೆ. ಅದೇ ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ಹೊತ್ತು, ಕಣದಲ್ಲಿ ಕಾಫಿ ಹರವಿ, ಲೆಕ್ಕ ಬರೆಯುವ ಮನೆಯ ಮಗನಿಗೆ ಬಟವಾಡೆ ಇಲ್ಲ. ಮಗಳ ವಿಷಯದಲ್ಲಂತೂ ಆ ಪ್ರಶ್ನೆಯೇ ಏಳುವುದಿಲ್ಲ. "ಎಲ್ಲಾ ಅವರದೇ ತಾನೆ" ಎಂಬ ಮಾತು ಕೇಳಲು ಚೆಂದ. ಆದರೆ ಬೈಕಿಗೆ ಪೆಟ್ರೋಲ್ ಹಾಕಿಸಲೂ ತಂದೆಯ ಮುಂದೆ ನಿಲ್ಲಬೇಕಾದ 25 ವರ್ಷದ ಯುವಕನಿಗೆ ಬೆಂಗಳೂರಿನ ಸಣ್ಣ ಸಂಬಳವೂ ದೊಡ್ಡದಾಗಿ ಕಂಡರೆ ಆಶ್ಚರ್ಯವೇನು? ಊರು ಬಿಟ್ಟವರೆಲ್ಲ ಬೆಲೆ ಕುಸಿತಕ್ಕೆ ಅಥವಾ ಆಳಿನ ಅಭಾವಕ್ಕೆ ಹೆದರಿ ಹೋದವರಲ್ಲ. ತಮ್ಮದೆಂದು ಹೇಳಿಕೊಳ್ಳಲು ನೂರು ರೂಪಾಯಿ ಇಲ್ಲದೆ ಹೋದವರೂ ಇದ್ದಾರೆ.

18 ತುಂಬಿದವರು ಕಾನೂನಿನ ಪ್ರಕಾರ ಪ್ರಾಪ್ತ ವಯಸ್ಕರು. 1989ರಲ್ಲಿ ಮತದಾನದ ವಯಸ್ಸೂ 21ರಿಂದ 18ಕ್ಕೆ ಇಳಿಯಿತು. ನಮ್ಮಂಥ ಸಹಕಾರ ಸಂಘದ ಸದಸ್ಯರಾಗಲೂ ಆ ವಯಸ್ಸು ಸಾಕು. ಸರ್ಕಾರವನ್ನು ಆರಿಸಬಲ್ಲವರು, ಮಹಾಸಭೆಯಲ್ಲಿ ಕೈ ಎತ್ತಬಲ್ಲವರು, ರಾತ್ರಿ ಯಾವ ಊರಿನಲ್ಲಿ ತಂಗಬೇಕೆಂದು ತೀರ್ಮಾನಿಸಲಾರರೇ?

ಹಿರಿಯ ಬೆಳೆಗಾರರು ನಮ್ಮ ಕಾಫಿಯ ಚರಿತ್ರೆಯನ್ನೇ ಒಮ್ಮೆ ನೆನೆಯಬೇಕು. ದಶಕಗಳ ಕಾಲ ನಾವು ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮಾರುವ ತೀರ್ಮಾನ ನಮ್ಮದಾಗಿರಲಿಲ್ಲ. 1992ರಲ್ಲಿ ಶೇಕಡಾ 30ರಷ್ಟನ್ನು ದೇಶದೊಳಗೆ ನಾವೇ ಮಾರುವ ಅವಕಾಶ ದೊರೆಯಿತು, 1996ರಲ್ಲಿ ಪೂರ್ಣ ಸ್ವಾತಂತ್ರ್ಯ ಬಂದಿತು. ಸಣ್ಣ ಬೆಳೆಗಾರರು ವ್ಯಾಪಾರಿಗಳ ಕೈಗೆ ಸಿಕ್ಕು ಮೋಸ ಹೋಗಬಹುದೆಂಬ ಆತಂಕ ಆಗಲೂ ಇತ್ತು. ಕೆಲವು ವರ್ಷ ಲಾಭ ಕಂಡೆವು, ಕೆಲವು ವರ್ಷ ಪೆಟ್ಟು ತಿಂದೆವು, ವ್ಯಾಪಾರ ಕಲಿತೆವು. ನಮ್ಮ ಬೆಳೆಯ ಮೇಲೆ ನಮಗೆ ಅಧಿಕಾರ ಬೇಕೆಂದ ನಾವೇ ಮಕ್ಕಳ ದುಡಿಮೆಯನ್ನು ಮನೆಯ ಪೂಲಿನಲ್ಲಿ ಇಟ್ಟುಕೊಂಡಿರುವುದು ಯಾವ ನ್ಯಾಯ?

ಪ್ರವಾಸ ಅಗ್ಗದ್ದಾಗಿರಬೇಕು ಎನ್ನುವುದಕ್ಕೂ ಕಾರಣವುಂಟು. ತಂದೆಯ ದುಡ್ಡಿನಲ್ಲಿ ಹೋಂಸ್ಟೇ ಗೊತ್ತುಮಾಡಿಕೊಂಡು ಹೋದವರಿಗೆ ಯೋಚಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಸ್ವಂತದ ಎರಡು ಸಾವಿರ ಹಿಡಿದು ಹೊರಟವರು ಪೆಟ್ರೋಲಿಗೆಷ್ಟು, ಊಟಕ್ಕೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಹೊರನಾಡಿನಲ್ಲೋ ಧರ್ಮಸ್ಥಳದಲ್ಲೋ ಪಂಕ್ತಿಯಲ್ಲಿ ಕುಳಿತು ಪ್ರಸಾದದ ಊಟ ಮಾಡುತ್ತಾರೆ. ಘಾಟಿಯಲ್ಲಿ ಟೈರು ಪಂಕ್ಚರ್ ಆದರೆ, ಕೊನೆಯ ಬಸ್ಸು ತಪ್ಪಿದರೆ, ಗುರುತಿಲ್ಲದವರ ಬಳಿ ಹೋಗಿ ಕೇಳಬೇಕಾಗುತ್ತದೆ. ನಾಳೆ ಸ್ಯಾಂಪಲ್ ಹಿಡಿದು ವ್ಯಾಪಾರಿಯ ಎದುರು ಕುಳಿತು "ಈ ದರಕ್ಕೆ ಕೊಡುವುದಿಲ್ಲ" ಎನ್ನಲು ಬೇಕಾಗುವ ಧೈರ್ಯವೂ ಇದೇ.

ಅಪಾಯದ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಚಾಲನಾ ಪರವಾನಗಿ, ವಾಹನದ ವಿಮೆ, ಹಿಂದೆ ಕುಳಿತವರಿಗೂ ಹೆಲ್ಮೆಟ್: ಇವಿಲ್ಲದೆ ಗೇಟು ದಾಟಬಾರದು. ಮಳೆಗಾಲದಲ್ಲಿ ಘಾಟಿ ರಸ್ತೆ, ಆನೆ ತಿರುಗುವ ಕಡೆ ರಾತ್ರಿ ಸಂಚಾರ ಬೇಡವೇ ಬೇಡ. ಯಾರ ಜೊತೆ ಹೋಗುತ್ತೀರಿ, ಮೊದಲ ರಾತ್ರಿ ಎಲ್ಲಿ, ಯಾವತ್ತು ಬರುತ್ತೀರಿ ಎಂದು ಹಿರಿಯರು ಕೇಳಲಿ. ಗಂಟೆಗೊಮ್ಮೆ ಫೋನು ಮಾಡುವುದು ಬೇಡ. ನೆರಳು ಹೆಚ್ಚಾದ ಕಾಫಿ ಗಿಡ ಹೂ ಕಟ್ಟುವುದಿಲ್ಲವೆಂದು ಮರಗಸಿ ಮಾಡಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲೂ ನಮ್ಮ ಮಾತು ಇದೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚೂ ತಪ್ಪಿತು. ಮಗ ತಿರುಗಿದರೆ ಪ್ರವಾಸ, ಮಗಳು ತಿರುಗಿದರೆ ಅಲೆದಾಟ ಎನ್ನುವುದು ಸಲ್ಲದು. ನಾಲ್ವರು ಗೆಳತಿಯರು ಕೂಡಿ ಹೊರಟರೆ ಅವರನ್ನೂ ಹರಸಿ ಕಳುಹಿಸಿ.

ಆದುದರಿಂದ ಈ ವರ್ಷದಿಂದಲೇ ತೋಟದಲ್ಲಿ ದುಡಿಯುವ ಮಗ ಮಗಳಿಗೆ ಒಂದು ತಿಂಗಳ ಸಂಬಳ ಗೊತ್ತುಮಾಡಿ. ಅದು ಕಷ್ಟವಾದರೆ ಕಾಲು ಎಕರೆಯ ಮೆಣಸಿನ ಬಳ್ಳಿಯನ್ನಾದರೂ ಅವರ ಹೆಸರಿಗೆ ಬಿಡಿ; ಆರೈಕೆಯೂ ಅವರದು, ಹುಟ್ಟುವಳಿಯೂ ಅವರದು. ಆ ಹಣ ಅವರ ಸ್ವಂತ ಬ್ಯಾಂಕ್ ಖಾತೆಗೆ ಹೋಗಲಿ. ಅದರಿಂದ ನಾಲ್ಕು ದಿನ ಊರು ಸುತ್ತಿ ಬಂದರೆ ಖರ್ಚಿನ ಲೆಕ್ಕ ಕೇಳಬೇಡಿ. ತೋಟ ಮುಂದೆ ಯಾರ ಕೈಗೆ ಎಂಬ ಚಿಂತೆ ಇರುವ ಮನೆಗಳಲ್ಲಿ ಇದು ಕೂಡಲೇ ಆಗಬೇಕಾದ ಕೆಲಸವೆಂದು ನಾವು ತಿಳಿದಿದ್ದೇವೆ.