ತಾರಸಿಯ ಬಿಸಿಲು ಮತ್ತು ಬಡ್ಡಿಯ ಸಾಲ

ಸೂರ್ಯನ ಬೆಳಕು ಅಲ್ಲಾಹನ ಮಹಾ ಅನುಗ್ರಹಗಳಲ್ಲೊಂದು ಎಂಬುದನ್ನು ನಾವು ಮದ್ರಸದ ದಿನಗಳಿಂದಲೇ ಕಲಿತಿದ್ದೇವೆ. ಪವಿತ್ರ ಕುರ್‌ಆನಿನ 91ನೆಯ ಅಧ್ಯಾಯಕ್ಕೆ ಸೂರ್ಯನದೇ ಹೆಸರು. ಆ ಬೆಳಕು ದಿನವಿಡೀ ನಮ್ಮ ತಾರಸಿಯ ಮೇಲೆ ಬಿದ್ದು ಹೋಗುತ್ತದೆ. ಕೆಳಗಿನ ಕೋಣೆಯಲ್ಲಿ ನಾವು ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತಿನಿಂದ ನೀರು ಕಾಯಿಸಿಕೊಳ್ಳುತ್ತೇವೆ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ವಿಚಾರವಾಗಿ ಆಲೋಚಿಸುವವರೂ ವಿರಳವಾಗಿದ್ದಾರೆ. ತಿಂಗಳಿಗೆ 200 ಯೂನಿಟ್ ಮೀರದ ಮನೆಗಳಿಗೆ, ಅವರವರ ಹಿಂದಿನ ಬಳಕೆಯ ಮಿತಿಯೊಳಗೆ, ಶೂನ್ಯ ಬಿಲ್ಲು ಬರುತ್ತದೆ. ಬಡ ಕುಟುಂಬಗಳ ಪಾಲಿಗೆ ಇದೊಂದು ದೊಡ್ಡ ನೆಮ್ಮದಿ. ಅದನ್ನು ಹಳಿಯುವ ಉದ್ದೇಶ ನಮಗಿಲ್ಲ. ಆದರೆ ಬಿಲ್ಲು ಬಾರದ ಮಾತ್ರಕ್ಕೆ ವಿದ್ಯುತ್ತು ಬೆಲೆಯಿಲ್ಲದೆ ಹುಟ್ಟುವುದಿಲ್ಲ. ರಾಯಚೂರಿನ ಶಕ್ತಿನಗರದಲ್ಲಿಯೂ ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿಯೂ ಉಷ್ಣ ಸ್ಥಾವರಗಳಿವೆ. ಅವುಗಳ ಹೊಗೆ, ಬೂದಿಯ ನಡುವೆ ಬದುಕುವವರು ಅಲ್ಲಿನ ಹಳ್ಳಿಗರು. ನೆರೆಯವರ ಹಕ್ಕಿನ ಕುರಿತು ಇಷ್ಟೊಂದು ಪ್ರವಚನ ಕೇಳುವ ನಾವು ಅವರನ್ನು ನೆರೆಯವರ ಲೆಕ್ಕಕ್ಕೆ ಸೇರಿಸಿಕೊಂಡದ್ದುಂಟೆ?

200 ಯೂನಿಟ್ ದಾಟಿದ ಮನೆಗೆ ಯೋಜನೆಯ ರಿಯಾಯಿತಿಯಿಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಕೊಲ್ಲಿ ದೇಶಗಳ ದುಡಿಮೆಯಿಂದ ಎದ್ದುನಿಂತ ಎರಡಂತಸ್ತಿನ ಮನೆಗಳು ಹೆಚ್ಚಾಗಿ ಈ ಸಾಲಿಗೆ ಸೇರುತ್ತವೆ. ನಮ್ಮ ಮಾತು ಮುಖ್ಯವಾಗಿ ಅವರಿಗೆ. ಫಲಕ ಖರೀದಿಸುವ ಮುನ್ನ ದುಂದುವೆಚ್ಚವನ್ನು ನಿಲ್ಲಿಸಬೇಕು. ಎರಡು ಕಿಲೋವ್ಯಾಟಿನ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್ ಆಯಿತು. ಅಂಥವು ಮನೆಯಲ್ಲಿ ಮೂರಿದ್ದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಮಲೆನಾಡಿನ ಚಳಿಯಲ್ಲಿ ಫಜ್ರ್ ನಮಾಝಿನ ವುಝೂಗೆ ಬಿಸಿನೀರು ಬೇಡವೆಂದು ಯಾರೂ ಹೇಳಲಾರರು. ಆದರೆ ಅದಕ್ಕೆ ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್ ಸಾಕು. ಬೆಂಗಳೂರಿನ ಮನೆಗಳಲ್ಲಿ ಅದು ಎಂದೋ ಮಾಮೂಲಾಗಿದೆ, ಫಲಕಗಳಿಗಿಂತ ಖರ್ಚೂ ಬಹಳ ಕಡಿಮೆ.

ಇನ್ನು ವಿದ್ಯುತ್ ಫಲಕಗಳ ವಿಚಾರ. ಮೂರು ಕಿಲೋವ್ಯಾಟಿನ ವ್ಯವಸ್ಥೆಗೆ ನೆರಳು ಬೀಳದ ಸುಮಾರು 300 ಚದರಡಿ ಜಾಗ ಬೇಕು. ಒಳ್ಳೆಯ ಬಿಸಿಲಿನ ದಿನ ಸುಮಾರು 12 ಯೂನಿಟ್ ದೊರೆಯುತ್ತದೆ. ಕರಾವಳಿಯ ಜೂನ್, ಜುಲೈ ತಿಂಗಳುಗಳಲ್ಲಿ ಅದು ಬಹಳವಾಗಿ ಇಳಿಯುತ್ತದೆ. ಹಗಲು ಉಳಿದ ವಿದ್ಯುತ್ತು ನೆಟ್ ಮೀಟರ್ ಮೂಲಕ ಗ್ರಿಡ್ಡಿಗೆ ಹೋಗಿ ನಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಮಾರುವವರು ಎಲ್ಲ ಸಲವೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯಿದೆ: ಬ್ಯಾಟರಿಯಿಲ್ಲದ ಗ್ರಿಡ್ ಜೋಡಣೆಯಲ್ಲಿ ಕರೆಂಟು ಹೋದರೆ ಫಲಕದ ವಿದ್ಯುತ್ತೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ನ ಜೀವರಕ್ಷಣೆಗಾಗಿ ಇರುವ ಏರ್ಪಾಡು ಅದು.

ನಮ್ಮ ಸಮುದಾಯಕ್ಕೆ ನಿಜವಾದ ತೊಡಕು ಹಣದ್ದು. 2024ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಡಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಹೀಗೆ ಒಟ್ಟು 78,000 ರೂಪಾಯಿ ಸಹಾಯಧನವಿದೆ. ಅದು ಖಾತೆಗೆ ಬರುವುದು ಫಲಕ ಕೂರಿಸಿ, ಪರಿಶೀಲನೆ ಮುಗಿದ ಮೇಲೆ. ಅಷ್ಟರವರೆಗೆ ಹಣ ಎಲ್ಲಿಂದ? ಬ್ಯಾಂಕುಗಳು ಸಾಲದೊಂದಿಗೆ ಸಿದ್ಧವಾಗಿವೆ, ಬಡ್ಡಿಯೂ ಜೊತೆಗಿದೆ. ದರ ಕಡಿಮೆಯೆಂಬ ಕಾರಣಕ್ಕೆ ಬಡ್ಡಿಯು ಬಡ್ಡಿಯಲ್ಲದೆ ಹೋಗುವುದಿಲ್ಲ. ಪರಿಸರದ ಹೆಸರಿನಲ್ಲಿ ಅದಕ್ಕೆ ರಿಯಾಯಿತಿ ಹುಡುಕುವುದು ಸತ್ಯವಿಶ್ವಾಸಿಗೆ ತಕ್ಕುದಲ್ಲ. ಬೆಲೆಯನ್ನು ಮೊದಲೇ ನಿಶ್ಚಯಿಸಿ ಕಂತಿನಲ್ಲಿ ಖರೀದಿಸುವುದನ್ನು ಬಹುತೇಕ ಫಿಕ್ಹ್ ವಿದ್ವಾಂಸರು ಅನುಮತಿಸಿದ್ದಾರೆ. ಆದರೆ ಕಂತೆಂದು ಕರೆದುದೆಲ್ಲ ವ್ಯಾಪಾರವಲ್ಲ. ಕಾಗದವನ್ನು ಬಲ್ಲವರಿಗೊಮ್ಮೆ ತೋರಿಸಿಯೇ ಸಹಿ ಹಾಕಬೇಕು.

ಇದಕ್ಕಿಂತ ಉತ್ತಮ ದಾರಿ ನಮ್ಮ ಜಮಾಅತ್‌ಗಳ ಕೈಯಲ್ಲಿದೆ. ಹಲವು ಊರುಗಳಲ್ಲಿ ಬಡ್ಡಿರಹಿತ ಸಾಲದ ನಿಧಿಗಳಿವೆ. ಒಂದು ಮನೆಗೆ 1,80,000 ರೂಪಾಯಿ ಕೊಟ್ಟರೆಂದಿಟ್ಟುಕೊಳ್ಳೋಣ. ಸಹಾಯಧನ ಬಂದೊಡನೆ 78,000 ನಿಧಿಗೆ ಮರಳುತ್ತದೆ. ಮಿಕ್ಕ 1,02,000 ರೂಪಾಯಿಯನ್ನು, ಬಿಲ್ಲಿನಲ್ಲಿ ತಿಂಗಳಿಗೆ 2,000 ಉಳಿಯುವ ಮನೆಯವರು ಅದೇ ಉಳಿತಾಯದಿಂದ 51 ತಿಂಗಳಲ್ಲಿ ತೀರಿಸಬಹುದು. ಫಲಕಗಳು ಬಾಳುವುದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಮದುವೆಯ ಊಟಕ್ಕೆ ಕೊಟ್ಟ ಸಾಲ ಇಷ್ಟು ಸುಲಭವಾಗಿ ಮರಳಿ ಬರುವುದೆಂದು ಯಾವ ಖಜಾಂಚಿಯೂ ಹೇಳಲಾರರು. (ಮಸೀದಿಗೆ ಏ.ಸಿ. ದಾನ ಮಾಡಲು ನಾಲ್ವರು ಮುಂದೆ ಬರುತ್ತಾರೆ, ಅದರ ಬಿಲ್ಲು ಕಟ್ಟಲು ಒಬ್ಬರೂ ಇಲ್ಲ. ಅದು ಬೇರೆಯೇ ಲೇಖನದ ವಿಷಯ.)

ಕೊನೆಯದಾಗಿ ಹೇಳಬೇಕಾದ ಮಾತು ತುಸು ಮುಜುಗರದ್ದು. ಈ ಸಹಾಯಧನಕ್ಕೆ ವಿದ್ಯುತ್ ಸಂಪರ್ಕ ಅರ್ಜಿದಾರರ ಹೆಸರಿನಲ್ಲಿರಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಆರ್.ಆರ್. ನಂಬರ್ ಇಂದಿಗೂ ತೀರಿಹೋದ ತಂದೆಯ ಹೆಸರಿನಲ್ಲಿದೆ, ಏಕೆಂದರೆ ಆಸ್ತಿ ಪಾಲಾಗಿಲ್ಲ. ಹೆಸರು ಬದಲಿಸಲು ಹೋದಾಗ ವಾರಸುದಾರರ ಒಪ್ಪಿಗೆಯ ಪ್ರಶ್ನೆ ಏಳುತ್ತದೆ. ಮದುವೆಯಾಗಿ ಹೋದ ಸಹೋದರಿಯರ ನೆನಪು ಆಗ ಬರುತ್ತದೆ. 'ಬರೀ ಸೋಲಾರ್‌ಗೆ' ಎಂದು ಹೇಳಿ ಸಹಿ ಪಡೆದು ಕಾಗದ ಮಡಚಿಡುವುದು ಅನ್ಯಾಯ. ಆ ತಾರಸಿಯಲ್ಲಿ ಅವರಿಗೂ ಪಾಲಿದೆ, ಅದನ್ನು ನಿಗದಿಪಡಿಸಿದವನು ಅಲ್ಲಾಹನು. ಸಾಧ್ಯವಾದರೆ ಮೊದಲು ಪಾಲನ್ನೇ ಮುಗಿಸಬೇಕು. ಆಗದಿದ್ದರೆ, ಏನನ್ನು ಹಾಕುತ್ತಿದ್ದೇವೆ, ಹಣ ಯಾರದು, ಮುಂದೆ ಪಾಲು ಮಾಡುವಾಗ ಫಲಕದ ಬೆಲೆ ಯಾರಿಗೆ ಸೇರುತ್ತದೆ ಎಂಬುದನ್ನು ಅವರಿಗೆ ತಿಳಿಸಿ, ಎಲ್ಲರ ಸಹಿಯೊಂದಿಗೆ ಬರೆದಿಡಬೇಕು. ವಿದ್ಯುತ್ ಕಚೇರಿಯ ಓಡಾಟವೆಲ್ಲ ಅದರ ನಂತರ.