ಸೋರುವ ತಾರಸಿಯೂ ನಂಬತಕ್ಕ ಕಂಟ್ರಾಕ್ಟರನೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ವಿರಳ. ಆದರೆ ಕಟ್ಟಿದ ಮನೆಯನ್ನು ಸೋರದಂತೆ ಕಾಪಾಡಿಕೊಳ್ಳುವ ಕಷ್ಟವನ್ನು ಆ ಗಾದೆ ಹೇಳುವುದಿಲ್ಲ. ಮದುವೆಯ ಖರ್ಚು ಒಮ್ಮೆಗೆ ಮುಗಿಯುವುದು; ತಾರಸಿಯ ಖರ್ಚಾದರೋ, ಕೆಲಸಗಾರನನ್ನು ವಿವೇಚನೆಯಿಂದ ಆರಿಸದೆ ಹೋದರೆ, ಮಳೆಗಾಲಕ್ಕೊಮ್ಮೆ ಮರಳಿ ಬರುವುದು. ಆದಕಾರಣ ಚಪ್ಪಟೆ ತಾರಸಿಯ ದುರಸ್ತಿಗೆ ನಂಬತಕ್ಕ ಕಂಟ್ರಾಕ್ಟರನನ್ನು ಗೊತ್ತುಮಾಡುವುದು ಹೇಗೆ, ಅವನಿಗೆ ಸಲ್ಲತಕ್ಕ ನ್ಯಾಯವಾದ ಬೆಲೆಯನ್ನು ತಿಳಿಯುವುದು ಹೇಗೆ, ಎಂಬ ಎರಡು ವಿಷಯಗಳನ್ನು ಈ ತಿಂಗಳು ವಾಚಕರ ಮುಂದಿಡುವೆವು.

ಹಿಂದಿನವರಿಗೆ ಈ ಚಿಂತೆ ಇಷ್ಟಾಗಿ ಇರಲಿಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆಗೆ ಮಳೆಗೆ ಮುನ್ನ ಮನೆಯವರೇ ಮಣ್ಣು ಹರಡಿ ಗಟ್ಟಿಮಾಡಿಕೊಳ್ಳುತ್ತಿದ್ದರು. ಕರಾವಳಿಯಲ್ಲಿ ಇಳಿಜಾರು ಮಾಡೇ ರೂಢಿ. ೧೮೬೫ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಒಡೆದ ಹೆಂಚನ್ನು ತೆಗೆದು ಹೊಸದನ್ನು ಇಡುವುದು ಅರ್ಧ ದಿನದ ಕೆಲಸವಾಯಿತು. ಹಳೆಯ ಮೈಸೂರು ಸೀಮೆಯ ಮದ್ರಾಸು ತಾರಸಿಯಲ್ಲಿ, ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿಯ ಸುಣ್ಣದ ಗಾರೆಯನ್ನು ಹರಡಿ, ಬೆಲ್ಲದ ಮತ್ತು ಅಣಲೆಕಾಯಿಯ ನೀರನ್ನು ಚಿಮುಕಿಸುತ್ತ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿತದ ಸದ್ದು ನಿಂತರೆ ಕೆಲಸ ನಿಂತಿತೆಂದು ಅಡಿಗೆಮನೆಯಲ್ಲಿದ್ದ ಗೃಹಿಣಿಗೂ ತಿಳಿಯುತ್ತಿದ್ದಿತು.

ಈಗಿನ ಕಾಂಕ್ರೀಟು ತಾರಸಿಯ ದುರಸ್ತಿ ಹಾಗಲ್ಲ. ಕೆಲಸದ ಬಹುಭಾಗ ಡಬ್ಬದೊಳಗಿನ ಲೇಪದಲ್ಲಿಯೋ ಸುರುಳಿಯ ರೂಪದ ಟಾರಿನ ಹಾಳೆಯಲ್ಲಿಯೋ ಅಡಗಿರುವುದು. ಲೇಪವನ್ನು ಒಮ್ಮೆ ಬಳಿದರೂ ಮೂರು ಬಾರಿ ಬಳಿದರೂ ಮರುದಿನ ಕಣ್ಣಿಗೆ ಒಂದೇ ಬಿಳುಪು. ತಪ್ಪು ಹೊರಬೀಳುವುದು ಹಣ ಸಂದು, ಏಣಿ ಕೆಳಗಿಳಿದು, ತಿಂಗಳುಗಳು ಕಳೆದ ಮೇಲೆ. ನಂಬಿಕೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಕಂಟ್ರಾಕ್ಟರನನ್ನು ಕರೆಯುವ ಮೊದಲು ರೋಗವಾವುದೆಂದು ಗೃಹಸ್ಥನೇ ಸ್ವಲ್ಪ ವಿಚಾರಿಸಿಕೊಳ್ಳಬೇಕು. ಒಣ ಬೇಸಗೆಯಲ್ಲಿಯೂ ಒದ್ದೆಯ ಕಲೆ ಆರದಿದ್ದರೆ ಅದು ಮಳೆಯ ನೀರಲ್ಲ. ಮೇಲಿನ ತೊಟ್ಟಿಯದೋ, ಗೋಡೆಯೊಳಗಣ ಕೊಳವೆಯದೋ, ಮೇಲಂತಸ್ತಿನ ಬಚ್ಚಲದೋ ಇರಬೇಕು. ಅದಕ್ಕೆ ತಾರಸಿಯನ್ನೆಲ್ಲ ಬಳಿಸಿದರೆ ಹಣ ವ್ಯರ್ಥ. ಮಳೆ ಬಂದಾಗ ಮಾತ್ರ ಕಲೆ ಹಿಗ್ಗುವುದಾದರೆ ದೋಷವು ತಾರಸಿಯಲ್ಲಿದೆ. ಆಗಲೂ ನಡುಭಾಗಕ್ಕಿಂತ ಹೆಚ್ಚಾಗಿ ಸೋರುವುದು ಕೂಡುವೆಡೆಗಳಲ್ಲಿ: ಕೈಪಿಡಿಗೋಡೆಯೂ ತಾರಸಿಯೂ ಸೇರುವ ಮೂಲೆ, ಮಳೆನೀರಿನ ಕೊಳವೆಯ ಬಾಯಿ, ತಾರಸಿಯನ್ನು ತೂರಿ ಬರುವ ನಳಗಳ ಬುಡ, ಸೂರ್ಯಶಾಖದ ನೀರೊಲೆಯ ಕಾಲುಗಳನ್ನು ಬಿಗಿದ ಮೊಳೆಯ ಸ್ಥಳ. ಬಿರುಕಿನಲ್ಲಿ ಅರಳಿಯ ಸಸಿಯೊಂದು ತಲೆಯೆತ್ತಿದ್ದರೆ ಬೇರು ಒಳಗೆ ಎಷ್ಟು ದೂರ ಹೋಗಿದೆಯೋ ಎಂದು ಭಯಪಡತಕ್ಕದ್ದೇ.

ಸೋರುವುದನ್ನು ಬರಿಯ ಗೋಡೆಯ ಅಂದಗೇಡೆಂದು ತಿಳಿದು ಮುಂದಕ್ಕೆ ಹಾಕುವುದು ಸರಿಯಲ್ಲ. ಕಾಂಕ್ರೀಟಿನೊಳಗೆ ಕಬ್ಬಿಣದ ಸರಳುಗಳಿರುವುವು. ನೀರು ತಗಲಿ ಅವು ತುಕ್ಕು ಹಿಡಿದರೆ, ಆ ತುಕ್ಕು ಮೊದಲಿನ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುವುದು. ಆ ಒತ್ತಡಕ್ಕೆ ಕೆಳಮುಖದ ಕಾಂಕ್ರೀಟು ಸೀಳಿ ಹೆಪ್ಪುಹೆಪ್ಪಾಗಿ ಬೀಳುವುದು. ಅದರ ಕೆಳಗೆ ಮಗುವಿನ ತೊಟ್ಟಿಲಿರಬಹುದು, ಮುದುಕರ ಹಾಸಿಗೆ ಇರಬಹುದು. ಸೂರಿನಲ್ಲಿ ಸರಳಿನ ಗುಂಟ ಉದ್ದನೆಯ ಬಿರುಕೂ ಕಂದು ಕಲೆಯೂ ಕಂಡರೆ, ಬಳಿಯುವವನನ್ನು ಕರೆಯುವ ಮೊದಲು ಕಟ್ಟಡದ ಎಂಜಿನಿಯರೊಬ್ಬರಿಗೆ ಅದನ್ನು ತೋರಿಸತಕ್ಕದ್ದು.

ಇನ್ನು ಕಂಟ್ರಾಕ್ಟರನ ಪರೀಕ್ಷೆ. ನೀರಿನ ದಾರಿಯನ್ನು ಹುಡುಕುವ ಮುನ್ನ ಬೆಲೆಯನ್ನು ಹೇಳುವವನನ್ನು ನಂಬಲಾಗದು. ದೂರವಾಣಿಯಲ್ಲಿಯೇ ಚದರಕ್ಕೆ ಇಷ್ಟೆಂದು ಹೇಳಿಬಿಡುವವನಿಗೆ ನಿಮ್ಮ ತಾರಸಿಗೂ ನೆರೆಯವರ ತಾರಸಿಗೂ ಭೇದವಿಲ್ಲ. ಕೆಲಸ ಬಲ್ಲವನು ಮೊದಲು ಕೆಳಗೆ ನಿಂತು ಸೂರನ್ನು ನೋಡುವನು. ಕಲೆ ಯಾವಾಗ ಕಾಣಿಸಿತು, ಹಿಂದೆ ಯಾರು ಏನನ್ನು ಬಳಿದಿದ್ದರು ಎಂದು ಕೇಳುವನು. ತರುವಾಯ ಮೇಲೆ ಹತ್ತಿ ನೆಲವನ್ನು ತಟ್ಟಿ, ಟೊಳ್ಳು ಸದ್ದು ಬರುವ ಎಡೆಗಳನ್ನು ಗುರುತಿಸುವನು. ಒಂದು ಬಕೀಟು ನೀರನ್ನು ಸುರಿದು ಅದು ಕೊಳವೆಯ ಕಡೆಗೆ ಓಡುವುದೋ ನಡುವೆ ನಿಲ್ಲುವುದೋ ನೋಡುವನು. ನೂರು ಅಡಿಗೆ ಒಂದರಿಂದ ಎರಡು ಅಡಿಯಷ್ಟಾದರೂ ಇಳುಕಲಿರಬೇಕೆಂಬುದು ಸಾಮಾನ್ಯವಾದ ಲೆಕ್ಕ. ಇಳುಕಲು ಕೆಟ್ಟಿರುವಲ್ಲಿ ಎಷ್ಟು ಒಳ್ಳೆಯ ಲೇಪವೂ ಬಹುಕಾಲ ಬಾಳದು. ತಟ್ಟಿ ನೋಡದೆಯೇ, ಹಳೆಯದನ್ನೆಲ್ಲ ಕಿತ್ತುಹಾಕಬೇಕು ಎನ್ನುವವನೂ, ಏನೂ ಕೀಳದೆ ಎಲ್ಲವನ್ನೂ ಮುಚ್ಚಿಬಿಡುವೆನು ಎನ್ನುವವನೂ ಒಂದೇ ವರ್ಗಕ್ಕೆ ಸೇರಿದವರು.

ಹಳೆಯ ಪದರದ ಮೇಲೆ ಹೊಸ ಪದರವನ್ನು ಹೇರುವ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ನಾಲ್ಕು ಅಂಗುಲ ದಪ್ಪದ ಇಟ್ಟಿಗೆ ಜಲ್ಲಿಯ ಗಾರೆ ಒಂದು ಚದರ ಮೀಟರಿಗೆ ಸುಮಾರು ೧೮೦ ಕಿಲೋಗ್ರಾಮು ತೂಗುವುದು. ಜನರು ಓಡಾಡುವ ತಾರಸಿಯ ಮೇಲೆ ಬೀಳಬಹುದಾದ ಓಡಾಟದ ಭಾರವೆಂದು ನಮ್ಮ ದೇಶದ ಕಟ್ಟಡದ ನಿಯಮಗಳು ಎಣಿಸುವುದು ಚದರ ಮೀಟರಿಗೆ ೧೫೦ ಕಿಲೋಗ್ರಾಮು. ಹೀಗಿರಲು, ಹಿಂದಿನದನ್ನು ತೆಗೆಯದೆ ಮೇಲೊಂದು ಗಾರೆ ಹಾಕಿಸಿದರೆ, ಮನೆಯ ತಲೆಯ ಮೇಲೆ ಎಂದೂ ಇಳಿಯದ ಜನಜಂಗುಳಿಯನ್ನು ಕೂರಿಸಿದಂತಾಯಿತು. ಈ ಲೆಕ್ಕವನ್ನು ಕೇಳಿದಾಗ ನಕ್ಕು ತಳ್ಳಿಹಾಕುವವನಿಗೆ ಕೆಲಸವನ್ನು ಒಪ್ಪಿಸಬೇಡಿರಿ.

ಅವನು ಮಾಡಿದ ಹಿಂದಿನ ಕೆಲಸಗಳನ್ನು ನೋಡುವುದು ಒಳ್ಳೆಯದು. ಆದರೆ ಹೋದ ತಿಂಗಳು ಮುಗಿದ ತಾರಸಿಯನ್ನು ನೋಡಿ ಪ್ರಯೋಜನವಿಲ್ಲ. ಮೂರು ಮಳೆಗಾಲಗಳನ್ನು ಕಂಡ ಎರಡು ಮನೆಗಳನ್ನು ತೋರಿಸೆಂದು ಕೇಳಿ, ಆ ಮನೆಯವರನ್ನು ಒಂದೇ ಮಾತು ವಿಚಾರಿಸಿರಿ: ಕೆಲಸವಾದ ಮೇಲೆ ದೋಷ ಕಂಡು ಕರೆದಾಗ ಅವನು ಬಂದನೇ? ಯಾರ ಕೆಲಸದಲ್ಲಾದರೂ ಒಮ್ಮೊಮ್ಮೆ ದೋಷ ಬರುವುದುಂಟು. ಕರೆದಾಗ ಬರುವವನೇ ನಂಬಿಕೆಗೆ ಅರ್ಹನು.

ಬೆಲೆಯ ವಿಷಯಕ್ಕೆ ಬರೋಣ. ಮೂವರಿಂದ ಬೆಲೆ ಕೇಳಬೇಕೆಂದು ಎಲ್ಲರೂ ಹೇಳುವರು. ಆದರೆ ಮೂವರೂ ಮೂರು ಬೇರೆ ಬೇರೆ ಕೆಲಸಗಳ ಬೆಲೆಯನ್ನು ಹೇಳಿದರೆ ಹೋಲಿಸುವುದೆಂತು? ಒಬ್ಬನು ಬಿರುಕು ತುಂಬುವುದನ್ನು ಸೇರಿಸಿರುವನು, ಇನ್ನೊಬ್ಬನು ಬಿಟ್ಟಿರುವನು. ಒಬ್ಬನು ತೆರಿಗೆಯನ್ನು ಕೂಡಿಸಿರುವನು, ಇನ್ನೊಬ್ಬನು ಕೊನೆಗೆ ಕೇಳುವನು. ಆದಕಾರಣ ಬೆಲೆ ಕೇಳುವ ಮೊದಲು ಕೆಲಸವನ್ನು ಬರೆಯಿಸಿರಿ. ಅಳತೆ ಎಷ್ಟು, ಹಳೆಯದನ್ನು ಎಲ್ಲೆಲ್ಲಿ ಕೀಳುವುದು, ಕಸವನ್ನು ಸಾಗಿಸುವವರಾರು, ಮೂಲೆಗಳಿಗೆ ಗಾರೆಯ ವಟ್ಟವನ್ನು ಕಟ್ಟುವುದೇ, ಯಾವ ಕಂಪೆನಿಯ ಯಾವ ಸಾಮಗ್ರಿ, ಎಷ್ಟು ಪದರ, ಎಷ್ಟು ದಿನ, ತೆರಿಗೆ ಸೇರಿದೆಯೇ, ಇಷ್ಟೂ ಒಂದು ಕಾಗದದಲ್ಲಿರಲಿ. ಅದೇ ಕಾಗದವನ್ನು ಮೂವರ ಮುಂದೆಯೂ ಇಡಿರಿ. ಆಗ ಮಾತ್ರ ಬೆಲೆಗಳು ಒಂದಕ್ಕೊಂದು ಮಾತನಾಡುವುವು. ಸರ್ಕಾರಿ ಕೆಲಸಗಳಿಗಾಗಿ ಲೋಕೋಪಯೋಗಿ ಇಲಾಖೆಯವರು ಪ್ರಕಟಿಸುವ ದರಪಟ್ಟಿಯನ್ನು ಬಲ್ಲವರಿಂದ ಓದಿಸಿಕೊಂಡರೆ, ಕೂಲಿ ಎಷ್ಟು, ಸಾಮಗ್ರಿ ಎಷ್ಟು ಎಂಬುದರ ಸ್ಥೂಲವಾದ ಅಂದಾಜು ದೊರೆಯುವುದು.

ಲೇಪದ ಕೆಲಸದಲ್ಲಿ ಸ್ವತಃ ಲೆಕ್ಕ ಹಾಕುವುದು ಕಷ್ಟವಲ್ಲ. ಉದಾಹರಣೆಗೆ, ೪೦ ಅಡಿ ಉದ್ದ ೨೫ ಅಡಿ ಅಗಲದ ತಾರಸಿ ಹತ್ತು ಚದರ, ಎಂದರೆ ೧,೦೦೦ ಚದರ ಅಡಿ. ಕೈಪಿಡಿಗೋಡೆಯ ಮೇಲೆ ಒಂದು ಅಡಿ ಎತ್ತರಕ್ಕೆ ಲೇಪ ಹತ್ತಬೇಕು. ಸುತ್ತಳತೆ ೧೩೦ ಅಡಿಯಾದ್ದರಿಂದ ಅದು ೧೩೦ ಚದರ ಅಡಿ. ಒಟ್ಟು ೧,೧೩೦ ಚದರ ಅಡಿ, ಅಂದರೆ ಸುಮಾರು ೧೦೫ ಚದರ ಮೀಟರು. ಎಲ್ಲ ಪದರಗಳೂ ಸೇರಿ ಚದರ ಮೀಟರಿಗೆ ಒಂದೂವರೆ ಕಿಲೋಗ್ರಾಮು ಬೇಕೆಂದು ಡಬ್ಬದ ಮೇಲೆ ಬರೆದಿದ್ದರೆ, ಬೇಕಾದುದು ಸುಮಾರು ೧೫೮ ಕಿಲೋಗ್ರಾಮು. ೨೦ ಕಿಲೋಗ್ರಾಮಿನ ಎಂಟು ಡಬ್ಬಗಳು. ಐದೇ ಡಬ್ಬ ಬಂದಿಳಿದರೆ ಉಳಿದ ಮೂರಕ್ಕೆ ಬದಲಾಗಿ ನೀರು ಸೇರಲಿದೆಯೆಂದೇ ತಿಳಿಯಬೇಕು. ಡಬ್ಬಗಳ ಮುದ್ರೆಯನ್ನು ನಿಮ್ಮೆದುರಿಗೆ ಒಡೆಯಿಸಿ, ಬರಿದಾದ ಡಬ್ಬಗಳನ್ನು ಕೆಲಸ ಮುಗಿಯುವವರೆಗೆ ಮನೆಯಲ್ಲಿಯೇ ಇಡಿಸಿಕೊಳ್ಳಿರಿ. ಇದು ಗೃಹಿಣಿಯರು ಸುಲಭವಾಗಿ ಮಾಡಬಹುದಾದ ಮೇಲ್ವಿಚಾರಣೆ.

ಇದೇ ಲೆಕ್ಕವು ಅತಿಯಾದ ಚೌಕಾಶಿಯ ಕೆಡುಕನ್ನೂ ತೋರಿಸುವುದು. ಎಂಟು ಡಬ್ಬಗಳ ಬೆಲೆ, ಆಳುಗಳ ಕೂಲಿ, ಸಾಗಣೆ, ಅವನ ನ್ಯಾಯವಾದ ಲಾಭ, ಇವನ್ನು ಕೂಡಿಸಿ ಬಂದ ಮೊಬಲಗಿಗಿಂತ ಕೆಳಗೆ ಅವನನ್ನು ಎಳೆದರೆ, ಕಳೆದುಕೊಂಡುದನ್ನು ಅವನು ಎಲ್ಲಿಂದಲಾದರೂ ತೆಗೆಯಬೇಕಷ್ಟೆ. ಕೆಲವರು ಬಡ ಆಳಿನ ಕೂಲಿಯಿಂದ ತೆಗೆಯುವರು, ಕೆಲವರು ಡಬ್ಬದಿಂದ ತೆಗೆಯುವರು. ಹಾಗೆಂದು ಎಲ್ಲಕ್ಕಿಂತ ದುಬಾರಿಯಾದುದೇ ಒಳ್ಳೆಯದೆಂದೂ ಅಲ್ಲ. ಒಂದು ಮೂಲೆಯ ದೋಷಕ್ಕೆ ತಾರಸಿಯನ್ನೆಲ್ಲ ಹೊಸದು ಮಾಡುವೆನೆನ್ನುವವನ ಲೇಪ ಉತ್ತಮವಾಗಿದ್ದರೂ ಬೆಲೆ ಅನ್ಯಾಯವೇ. ಮಾಡಬೇಕಾದ ಕೆಲಸ, ಅದಕ್ಕೆ ತಗಲುವ ಸಾಮಗ್ರಿ, ಇವೆರಡಕ್ಕೂ ಸರಿಹೊಂದುವ ಬೆಲೆಯೇ ನ್ಯಾಯದ ಬೆಲೆ.

ಹಣವನ್ನು ಕಂತುಗಳಲ್ಲಿ ಕೊಡುವುದು ಉಭಯರಿಗೂ ಕ್ಷೇಮ. ಸಾಮಗ್ರಿಯ ಮಟ್ಟಿಗೆ ಮುಂಗಡ. ಮೇಲ್ಮೈ ಶುದ್ಧವಾಗಿ ಬಿರುಕುಗಳು ತುಂಬಿದ ಮೇಲೆ ಒಂದು ಕಂತು. ಪದರಗಳು ಮುಗಿದ ಮೇಲೆ ಮತ್ತೊಂದು. ನೀರಿನ ಪರೀಕ್ಷೆಯಾದ ಮೇಲೆ ಉಳಿದುದು. ಹತ್ತರಲ್ಲೊಂದು ಪಾಲನ್ನು ಮೊದಲ ದೊಡ್ಡ ಮಳೆಗಳು ಕಳೆಯುವವರೆಗೆ ಉಳಿಸಿಕೊಳ್ಳುವ ಕರಾರಿದ್ದರೆ ಇನ್ನೂ ಒಳ್ಳೆಯದು. ಆದರೆ ಕರಾರಿನ ದಿನ ಬಂದಾಗ ನಾಳೆ ಬಾ ಎನ್ನಬಾರದು. ಶನಿವಾರದ ಬಟವಾಡೆಗೆ ಕಾದಿರುವ ಆಳುಗಳು ಅವನ ಬೆನ್ನ ಹಿಂದಿರುವರು.

ನೀರಿನ ಪರೀಕ್ಷೆಯೆಂದರೆ, ಕೊಳವೆಯ ಬಾಯನ್ನು ಕಟ್ಟಿ ಒಂದು ಅಂಗುಲ ನೀರನ್ನು ತಾರಸಿಯ ಮೇಲೆ ಎರಡು ದಿನ ನಿಲ್ಲಿಸಿ, ಸೂರನ್ನು ಗಮನಿಸುವುದು. ಮೇಲೆ ಹೇಳಿದ ಹತ್ತು ಚದರಕ್ಕೆ ಇದು ಸುಮಾರು ೨,೩೦೦ ಲೀಟರು. ತೂಕವೂ ಅಷ್ಟೇ ಕಿಲೋಗ್ರಾಮು. ಗಟ್ಟಿಯಾದ ಕಾಂಕ್ರೀಟು ಇದನ್ನು ಹೊರಬಲ್ಲದು. ಮರದ ತೊಲೆಯ ಹಳೆಯ ತಾರಸಿಗೂ, ಸರಳು ತುಕ್ಕು ಹಿಡಿದ ತಾರಸಿಗೂ ಈ ಪರೀಕ್ಷೆ ಸಲ್ಲದು; ಅಲ್ಲಿ ರಬ್ಬರಿನ ನಳದಿಂದ ಒಂದೊಂದೇ ಭಾಗಕ್ಕೆ ನೀರು ಹಾಯಿಸಿ ನೋಡತಕ್ಕದ್ದು.

ಹತ್ತು ವರುಷದ ಖಾತರಿ ಎಂಬ ಮಾತನ್ನು ಕೇಳಿದೊಡನೆ ಹಿಗ್ಗಬೇಡಿರಿ. ಕಂಪೆನಿಯ ಖಾತರಿ ಹಲವು ವೇಳೆ ಸಾಮಗ್ರಿಗೆ ಮಾತ್ರ. ಕೈಕೆಲಸದ ಹೊಣೆ ಬಳಿದವನದು. ಅದನ್ನು ಅವನ ಸಹಿಯೊಡನೆ ಬೇರೆಯಾಗಿ ಬರೆಯಿಸಿ, ರಸೀದಿಗಳನ್ನೂ ಕೆಲಸದ ಮೊದಲಿನ ಮತ್ತು ನಂತರದ ಚಿತ್ರಗಳನ್ನೂ ಜೋಪಾನವಾಗಿಡಿರಿ. ಹಣ ಪಡೆದು ಕೆಲಸ ಕೆಡಿಸಿದವನ ಮೇಲೆ, ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ನೀವು ವಾಸವಾಗಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು. ವ್ಯಾಜ್ಯಕ್ಕೆ ಕಾರಣವುಂಟಾದ ಎರಡು ವರುಷಗಳೊಳಗೆ ಕೊಡಬೇಕು. ತೆತ್ತ ಹಣ ಐದು ಲಕ್ಷ ರೂಪಾಯಿಗಳಿಗೆ ಮೀರದಿದ್ದರೆ ಶುಲ್ಕವಿಲ್ಲ. ಬರವಣಿಗೆಯಿಲ್ಲದ ಕರಾರಿನ ದೂರು ಅಲ್ಲಿ ದುರ್ಬಲವಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಕಡೆಯದಾಗಿ ಕಾಲದ ವಿಷಯ. ಮೋಡ ಕವಿದ ಮೇಲೆ ಕಂಟ್ರಾಕ್ಟರನನ್ನು ಹುಡುಕುವವನಿಗೆ ಆಯ್ಕೆಯೂ ಇಲ್ಲ, ಬೆಲೆಯ ಮಾತೂ ಇಲ್ಲ. ಒದ್ದೆಯ ಮೇಲ್ಮೈಗೆ ಹೆಚ್ಚಿನ ಲೇಪಗಳು ಹಿಡಿಯವು. ಸಂಕ್ರಾಂತಿ ಕಳೆದು ಯುಗಾದಿ ಬರುವುದರೊಳಗೆ ಕೆಲಸವನ್ನು ಮುಗಿಸಿಕೊಳ್ಳುವುದು ಲೇಸು. ಆಮೇಲೆ ಮಳೆಗೆ ಮೊದಲೊಮ್ಮೆ, ಮಳೆಯ ನಡುವೆ ಆಗಾಗ, ಕೊಳವೆಯ ಬಾಯಲ್ಲಿ ಸೇರಿದ ಎಲೆಕಸವನ್ನು ತೆಗೆಯುವ ಕೆಲಸ ಮಾತ್ರ ಮನೆಯವರದು. ಅದಕ್ಕೆ ಯಾವ ಕಂಟ್ರಾಕ್ಟರನೂ ಬೇಡ. ಒಂದು ಪೊರಕೆಯೂ ಹತ್ತು ನಿಮಿಷದ ಬಿಡುವೂ ಸಾಕು.